ಮ್ಯಾಲಿನ ಲ್ಯಾಪ್‌ಟಾಪಿಂದ ಕೆಳಗಿನ ಪ್ರಿಂಟರ್‌ಗೆ ಪ್ರಿಂಟ್ ಹೋಗವಲ್ದು: ನೆಟ್ ಐತಿ, ಪ್ರಿಂಟರ್ ಮಾತ್ರ ಆಫ್‌ಲೈನ್

ಕುಷ್ಟಗಿ ಟ್ಯೂಷನ್:
ಎಲ್ಲಾರಿಗೂ ನಮಸ್ಕಾರ್ರಿ. ಕುಷ್ಟಗಿಯಾಗ ಮನ್ಯಾಗ ಹೈಸ್ಕೂಲ್ ಹುಡುಗರಿಗೆ ಟ್ಯೂಷನ್ ಹೇಳ್ತೀನಿ. ಕೆಳಗ ಪಡಸಾಲ್ಯಾಗ ನಮ್ಮ ಮಾವಾರ ಡೆಸ್ಕ್‌ಟಾಪ್ ಐತಿ, ವಿಂಡೋಸ್ 10. ಅವರು ಖರೀದಿ ಪತ್ರ, ಬಾಂಡ್ ಬರೆಯೋರು, ಹಿಂಗಾಗಿ ಒಂದು ಲೇಸರ್ ಪ್ರಿಂಟರ್ ಅದಕ್ಕ ಯುಎಸ್‌ಬಿ ವೈರ್ ಮ್ಯಾಲೆ ಹಚ್ಚೈತಿ. ನನ್ನ ಲ್ಯಾಪ್‌ಟಾಪ್ ಮ್ಯಾಲಿನ ಖೋಲ್ಯಾಗ, ವಿಂಡೋಸ್ 11. ಪ್ರಿಂಟರ್ ಶೇರ್ ಮಾಡಿಟ್ಟಿದ್ವಿ, ನಾ ಮ್ಯಾಲೆ ಕುಂತು ಕೊಟ್ರ ಕೆಳಗ ಪ್ರಿಂಟ್ ಬೀಳ್ತಿತ್ತು.

ಈಗ ಹೊಸಾ ಫೈಬರ್ ಕನೆಕ್ಷನ್ ತಗೊಂಡೀವಿ. ಅದರ ಡಬ್ಬಿ ಕೆಳಗ ಕುಂದ್ರಿಸ್ಯಾರ. ನಮ್ಮದು ಹಳೇ ಕಲ್ಲಿನ ಮನಿ, ಗ್ವಾಡಿ ಮೊಳ ದಪ್ಪ ಅದಾವು, ಮ್ಯಾಲೆ ವೈಫೈ ಒಂದು ಕಡ್ಡಿನೂ ಹತ್ತವಲ್ದು. ನಮ್ಮ ಮೈದುನ ಕೆಳಗಿನ ಡಬ್ಬಿಯಿಂದ ಉದ್ದ ಕೇಬಲ್ ಎಳೆದು, ಹಳೇ ರೌಟರ್ ಒಂದನ್ನ ಮ್ಯಾಲೆ ಹಚ್ಚಿಕೊಟ್ಟ. ನೆಟ್ ಚಲೋ ಬರಾಕತ್ತೈತಿ. ಆದ್ರ ಅವತ್ತಿಂದ ಪ್ರಿಂಟರ್ ಮಸುಕಾಗಿ 'ಆಫ್‌ಲೈನ್' ಅಂತ ತೋರಸ್ತೈತಿ. ನೆಟ್‌ವರ್ಕ್ ಫೋಲ್ಡರ್‌ನ್ಯಾಗ ಮಾವಾರ ಕಂಪ್ಯೂಟರ್ ಹೆಸರೇ ಕಾಣವಲ್ದು. ಎಲ್ಲಾ ಆಫ್ ಮಾಡಿ ಆನ್ ಮಾಡಿ ನೋಡಿದ್ದಾತು. ಸೋಮವಾರ ಹತ್ತನೇತ್ತದವರಿಗೆ ಟೆಸ್ಟ್ ಐತಿ. ಯಾರಿಗಾರ ಗೊತ್ತಿದ್ರ ಹೇಳ್ರಿ.

ಮಾನ್ವಿ ಹುಡುಗ:
ಅಕ್ಕಾರ, ಡ್ರೈವರ್ (ಪ್ರಿಂಟರ್ ನಡೆಸೋ ಸಾಫ್ಟ್‌ವೇರ್) ಪೂರ್ತಿ ತೆಗೆದು ಹೊಸದಾಗಿ ಹಾಕ್ರಿ. ಆಗಲಿಲ್ಲಂದ್ರ ರಿಜಿಸ್ಟ್ರಿಯೊಳಗ, ಅಂದ್ರ ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟಿರೋ ಜಾಗದಾಗ, ಒಂದು ವ್ಯಾಲ್ಯೂ ಸೊನ್ನೆ ಮಾಡೋದು ಅದ, ವಿಡಿಯೋ ಸಿಗ್ತಾವ. ನಮ್ಮ ಅಂಗಡ್ಯಾಗ ಅದರಿಂದನೇ ಸರಿ ಆಗ್ಯಾದ.

ಕೌಲ್‌ಬಜಾರ್ ಕೇಬಲ್:
ತಮ್ಮಾ, ಸ್ವಲ್ಪ ತಡಿ. ರಿಜಿಸ್ಟ್ರಿಗೆ ಕೈ ಹಾಕೋ ಮಾತು ಆಮೇಲೆ.

ಮೇಡಂ, ನಾನು ಬಳ್ಳಾರಿಯಲ್ಲಿ ಅಂಗಡಿ, ಆಸ್ಪತ್ರೆಗಳಿಗೆ ನೆಟ್‌ವರ್ಕ್ ಕೇಬಲ್ ಹಾಕೋ ಕೆಲಸ ಮಾಡ್ತೀನಿ. ಡ್ರೈವರ್ ಕೆಟ್ಟರೆ ಸಾಮಾನ್ಯವಾಗಿ ಪ್ರಿಂಟ್ ತಪ್ಪಾಗಿ ಬರುತ್ತೆ, ಅಕ್ಷರದ ಜಾಗಕ್ಕೆ ಚಿಹ್ನೆಗಳು ಬರ್ತವೆ, ಇಲ್ಲ ಎರರ್ ಕೋಡ್ ಕೊಡುತ್ತೆ. ಬರೀ 'ಆಫ್‌ಲೈನ್' ಅಂದ್ರೆ ಅದರರ್ಥ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಹತ್ರ ಹೋಗೋಕೆ ದಾರಿ ಸಿಗ್ತಿಲ್ಲ ಅಂತ. ನೀವೇ ಹೇಳಿದ್ರಿ, ರೌಟರ್ ಹಾಕಿದ ದಿನದಿಂದ ಹಿಂಗೆ ಅಂತ. ಡ್ರೈವರ್‌ಗೂ ರೌಟರ್‌ಗೂ ಸಂಬಂಧ ಇಲ್ಲ.

ಎರಡು ವಿಷಯ ಹೇಳ್ರಿ. ಕೆಳಗಿನ ಡೆಸ್ಕ್‌ಟಾಪಿಂದಲೇ ಕೊಟ್ಟರೆ ಪ್ರಿಂಟ್ ಬರುತ್ತಾ? ಮತ್ತೆ ಎರಡೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು 'ಐಪಿಕಾನ್ಫಿಗ್' (ipconfig) ಅಂತ ಹೊಡೀರಿ. ಐಪಿವಿ4 ಅಡ್ರೆಸ್ (ಆ ಕಂಪ್ಯೂಟರ್‌ನ ನಂಬರ್), ಡೀಫಾಲ್ಟ್ ಗೇಟ್‌ವೇ (ಅದರ ರೌಟರ್‌ನ ನಂಬರ್) ಅಂತ ಎರಡು ಸಾಲು ಬರ್ತವೆ. ಅವನ್ನ ಇಲ್ಲಿ ಹಾಕ್ರಿ. 192.168 ಇಂದ ಶುರುವಾಗೋ ನಂಬರ್ ಹೊರಗಿನವರಿಗೆ ಉಪಯೋಗಕ್ಕೆ ಬರಲ್ಲ, ಹೆದರಬೇಡ್ರಿ.

ಕುಷ್ಟಗಿ ಟ್ಯೂಷನ್:
ಕೆಳಗಿಂದ ಕೊಟ್ರ ಪ್ರಿಂಟ್ ಬರ್ತೈತ್ರಿ.
ಮಾವಾರದು: 192.168.1.5, ಗೇಟ್‌ವೇ 192.168.1.1
ನನ್ನದು: 192.168.0.104, ಗೇಟ್‌ವೇ 192.168.0.1

ಕೌಲ್‌ಬಜಾರ್ ಕೇಬಲ್:
ಅಲ್ಲೇ ಐತೆ ನೋಡ್ರಿ. ಮನೆ ಒಂದೇ, ನೆಟ್‌ವರ್ಕ್ ಎರಡು. ಮನೆ ರೌಟರ್‌ಗಳಲ್ಲಿ ಮಾಸ್ಕ್ 255.255.255.0 ಇರೋದೇ ಹೆಚ್ಚು. ಅಂದ್ರೆ ಚುಕ್ಕಿ ನಡುವಿನ ಮೊದಲ ಮೂರು ಸಂಖ್ಯೆ ಒಂದೇ ಇದ್ದವು ಮಾತ್ರ ಒಂದು ನೆಟ್‌ವರ್ಕ್. ನಿಮ್ಮದರಲ್ಲಿ ಮೂರನೇದು ಕೆಳಗೆ 1, ಮೇಲೆ 0.

ಮೇಲಿನ ರೌಟರ್‌ನಲ್ಲಿ ಕೇಬಲ್ ವ್ಯಾನ್ ಅಂತ ಬರೆದಿರೋ ತೂತಿಗೆ ಹಾಕಿರ್ತಾರೆ. ಬೇರೆ ಬಣ್ಣದ್ದು, ನೀಲಿನೋ ಹಳದಿನೋ ಇರಬಹುದು. ಅಲ್ಲಿ ಹಾಕಿದ್ರೆ ಆ ರೌಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತೆ. ಒಳಗಿಂದ ಹೊರಗೆ ಹೋಗೋರನ್ನ ಬಿಡುತ್ತೆ, ಅದಕ್ಕೇ ನಿಮಗೆ ನೆಟ್ ಬರ್ತಿರೋದು. ಆದ್ರೆ ವಿಂಡೋಸ್ 'ಮಾವಾರ ಕಂಪ್ಯೂಟರ್ ಎಲ್ಲಿದ್ದೀಯಪ್ಪಾ' ಅಂತ ಹೆಸರು ಹಿಡಿದು ಹುಡುಕೋದು ಡಂಗುರ ಸಾರಿದಂಗೆ. ಈ ಓಣಿಯಲ್ಲಿ ಸಾರಿದ್ದು ಆ ಓಣಿಗೆ ಕೇಳಲ್ಲ, ರೌಟರ್ ಅದನ್ನ ದಾಟಿಸಲ್ಲ. ನಿಮ್ಮ ಲ್ಯಾಪ್‌ಟಾಪ್ ಪ್ರಿಂಟರ್‌ನ ಕಂಪ್ಯೂಟರ್ ಹೆಸರಿನ ಮೇಲೆ ನೆನಪಿಟ್ಟುಕೊಂಡೈತೆ, ಹೆಸರೇ ಸಿಗದಿದ್ರೆ ಆಫ್‌ಲೈನ್ ಅನ್ನುತ್ತೆ.

ಹೆಸರಿನ ಬದಲು ಐಪಿ ನಂಬರ್ ಕೊಟ್ಟು ಮೇಲಿಂದ ಕೆಳಕ್ಕೆ ಹೋಗೋಕೆ ಸಾಧ್ಯ ಐತೆ. ಹಂಗೆ ಮಾಡಿ ಬಿಟ್ಟುಬಿಡೋರೂ ಇದ್ದಾರೆ. ನನಗೆ ಅದು ಸರಿ ಅನ್ನಿಸಲ್ಲ. ನಾಳೆ ಮೇಲಿನ ಫೋಲ್ಡರ್ ಒಂದನ್ನ ಕೆಳಗಿಂದ ತೆಗೀಬೇಕು ಅಂದ್ರೆ ಮತ್ತೆ ಗೋಡೆಗೆ ಹಣೆ ಹೊಡ್ಕೊಳ್ಳೋದೇ. ಮೇಲಿನ ರೌಟರ್‌ನ ಬರೀ ವೈಫೈ ಹಂಚೋ ಡಬ್ಬಿ ಮಾಡಿಬಿಡ್ರಿ.

ಮೊದಲು ಕೆಳಗಿಂದ ಬಂದ ಕೇಬಲ್‌ನ ಮೇಲಿನ ರೌಟರ್‌ನಿಂದ ಬಿಚ್ಚಿ ಇಡ್ರಿ. ಲ್ಯಾಪ್‌ಟಾಪ್ ಅದೇ ರೌಟರ್‌ನ ವೈಫೈಗೆ ಇರಲಿ, ಬ್ರೌಸರ್‌ನಲ್ಲಿ 192.168.0.1 ಹೊಡೆದು ಒಳಗೆ ಹೋಗ್ರಿ. 'ಆಕ್ಸೆಸ್ ಪಾಯಿಂಟ್ ಮೋಡ್' ಅಂತ ಇದ್ರೆ ಅದನ್ನ ಆರಿಸಿ, ಕೇಬಲ್ ಎಲ್ಲಿ ಹಾಕಬೇಕು ಅಂತ ಅದೇ ತೋರಿಸುತ್ತೆ. ಹಳೇ ರೌಟರ್‌ಗಳಲ್ಲಿ ಅದು ಇರೋದು ಕಡಿಮೆ. ಇಲ್ಲದಿದ್ರೆ ಡಿಎಚ್‌ಸಿಪಿ ಸರ್ವರ್ (ಕಂಪ್ಯೂಟರ್, ಫೋನ್‌ಗಳಿಗೆ ಐಪಿ ನಂಬರ್ ಹಂಚೋದು) ಆಫ್ ಮಾಡ್ರಿ, ಲ್ಯಾನ್ ಐಪಿಯನ್ನ, ಅಂದ್ರೆ ಆ ರೌಟರ್‌ನ ಸ್ವಂತ ನಂಬರನ್ನ, 192.168.1.2 ಮಾಡಿ ಸೇವ್ ಕೊಡ್ರಿ. ಆಮೇಲೆ ಕೇಬಲ್‌ನ ವ್ಯಾನ್ ಬಿಟ್ಟು ಲ್ಯಾನ್ ತೂತುಗಳಲ್ಲಿ ಯಾವುದಾದ್ರೂ ಒಂದಕ್ಕೆ ಹಾಕ್ರಿ, ವೈಫೈ ಬಿಟ್ಟು ಮತ್ತೆ ಜೋಡಿಸ್ರಿ. ಕೆಳಗಿನ ಡಬ್ಬಿ ತಾನು ಹಂಚೋ ನಂಬರ್‌ಗಳನ್ನ .2 ಇಂದಲೇ ಶುರು ಮಾಡ್ತಿದ್ರೆ, .2 ಬದಲು ಅದರ ಸಾಲಿಗೆ ಸೇರದ ಬೇರೆ ನಂಬರ್ ಕೊಡ್ರಿ. ಡಿಎಚ್‌ಸಿಪಿ ಆಫ್ ಮಾಡೋದು ಮರೆತು ಲ್ಯಾನ್‌ಗೆ ಹಾಕಿದ್ರೆ ಎರಡೂ ಡಬ್ಬಿ ನಂಬರ್ ಹಂಚೋಕೆ ನಿಂತು ಮನೆ ನೆಟ್ಟೆಲ್ಲಾ ಗೊಂದಲ ಆಗುತ್ತೆ. ಅದೊಂದು ನೆನಪಿರಲಿ.

ಗಂಗಾವತಿ ಡಿಟಿಪಿ:
ಅಣ್ಣಾರು ಹೇಳಿದ್ದು ಸರಿ ಐತಿ. ಅದು ಆಗೋತನಕ ತಂಗಿ ಕೆಲಸ ನಿಲ್ಲಬಾರದಲ್ಲ. ಪ್ರಶ್ನೆಪತ್ರಿಕೆ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಕೆಳಗ ಹೋಗವ್ವಾ, ಆದ್ರ ವರ್ಡ್ ಫೈಲ್ ಒಯ್ಯಬ್ಯಾಡ, ಪಿಡಿಎಫ್ ಮಾಡಿ ಒಯ್ಯಿ. ನೀ ನುಡಿಯಾಗ ಟೈಪ್ ಮಾಡಿದ್ದಿ ಅಂದ್ರ, ನುಡಿ 01 ಇ ಫಾಂಟ್ ಮಾವನವರ ಕಂಪ್ಯೂಟರ್‌ನ್ಯಾಗ ಇಲ್ಲಂದ್ರ 'ಸಮೀಕರಣ ಬಿಡಿಸಿ' ಅನ್ನೋದು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿ ಬರ್ತೈತಿ. ಹಳೇ ನುಡಿ ಫಾಂಟಿನ್ಯಾಗ ಕನ್ನಡದ ಆಕಾರನ ಇಂಗ್ಲಿಷ್ ಅಕ್ಷರದ ಜಾಗಕ್ಕ ಕುಂದ್ರಿಸಿರ್ತಾರ. ಫಾಂಟ್ ಹೋತು ಅಂದ್ರ ಕನ್ನಡನೂ ಹೋತು. ಪಿಡಿಎಫ್ ಮಾಡಿದ್ರ ಫಾಂಟ್ ಫೈಲಿನ ಒಳಗ ಸೇರಿಕೊಂಡಿರ್ತೈತಿ. ನಮ್ಮ ಅಂಗಡಿಗೆ ಮದುವಿ ಕಾರ್ಡ್ ಮ್ಯಾಟರ್ ತಗೊಂಡು ಬರೋರಿಗೆ ದಿನಾ ಇದೇ ಪಾಠ ಹೇಳೋದು ಆಗೈತಿ.

ಶೇರ್ ಮಾಡಿದ ಪ್ರಿಂಟರ್‌ನ್ಯಾಗ ಈ ತ್ರಾಸ ಸಾಮಾನ್ಯವಾಗಿ ಬರಂಗಿಲ್ಲ. ಪುಟ ತಯಾರಾಗೋದು ನಿನ್ನ ಲ್ಯಾಪ್‌ಟಾಪ್‌ನ್ಯಾಗ, ಕೆಳಗಿನ ಕಂಪ್ಯೂಟರ್ ತಯಾರಾದ ಪುಟನ ಪ್ರಿಂಟರ್‌ಗೆ ದಾಟಿಸ್ತೈತಿ ಅಷ್ಟ.

ಮಾನ್ವಿ ಹುಡುಗ:
ಕೇಬಲ್ ಅಣ್ಣ, ಅಷ್ಟೆಲ್ಲಾ ಯಾಕ? ರೌಟರ್‌ನ್ಯಾಗ 445 ಪೋರ್ಟ್, ಅಂದ್ರ ಶೇರಿಂಗ್ ಬಾಗಿಲು, ಫಾರ್ವರ್ಡ್ ಮಾಡಿದ್ರ ಆತಲ್ಲ?

ಕೌಲ್‌ಬಜಾರ್ ಕೇಬಲ್:
ಬೇಡ. ಒಳಗಿರೋಳು ಮೇಡಂ, ಹೊರಗಿರೋದು ಪ್ರಿಂಟರ್. ಫಾರ್ವರ್ಡ್ ಮಾಡೋದು ಹೊರಗಿಂದ ಒಳಗೆ ಬರೋರಿಗೆ, ಇಲ್ಲಿ ಅದರಿಂದ ಏನೂ ಆಗಲ್ಲ. ಗಡಿಬಿಡಿಯಲ್ಲಿ ಯಾರಾದ್ರೂ ಅದನ್ನ ಕೆಳಗಿನ ಫೈಬರ್ ಡಬ್ಬಿಯಲ್ಲಿ ಮಾಡಿದ್ರೆ, ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಬಾಗಿಲನ್ನ ಇಡೀ ಇಂಟರ್‌ನೆಟ್‌ಗೆ ತೆಗೆದಂಗೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಕೆಟ್ಟ ಸಾಫ್ಟ್‌ವೇರ್ ದೇಶದೇಶ ಸುತ್ತಿದ್ದು ಇದೇ 445ರ ದಾರಿಯಲ್ಲಿ. ಅದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿತ್ತು. ಮಾವಾರ ಕಂಪ್ಯೂಟರ್‌ನಲ್ಲಿ ಜನರ ಆಸ್ತಿ ಪತ್ರದ ಕರಡುಗಳು ಇರ್ತವೆ ತಮ್ಮಾ.

ಕುಷ್ಟಗಿ ಟ್ಯೂಷನ್:
ಅಣ್ಣಾರ, ಮೈದುನನ್ನ ಕುಂದ್ರಿಸಿಕೊಂಡು ನೀವು ಹೇಳಿದಂಗ ಮಾಡಿಸ್ದೆ. ಆಕ್ಸೆಸ್ ಪಾಯಿಂಟ್ ಅನ್ನೋದು ಇದ್ದಿದ್ದಿಲ್ಲ, ಡಿಎಚ್‌ಸಿಪಿ ತೆಗೆದು ಲ್ಯಾನ್‌ಗೆ ಹಾಕಿದ್ವಿ. ಈಗ ನನ್ನದು 192.168.1.7 ಆಗೈತಿ. ನೆಟ್ ಐತಿ. ಆದ್ರ ಪ್ರಿಂಟರ್ ಇನ್ನೂ ಆಫ್‌ಲೈನ್. ಆ ಕಂಪ್ಯೂಟರ್ ಉತ್ತರ ಕೊಡ್ತೈತೇನು ಅಂತ ನೋಡಾಕ ಪಿಂಗ್ 192.168.1.5 ಹೊಡೆದ್ರ 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂತ ಬರ್ತೈತಿ. ನೆಟ್‌ವರ್ಕ್ ಒಂದಾದ ಮ್ಯಾಲೂ ಯಾಕ ಹಿಂಗ?

ಕೌಲ್‌ಬಜಾರ್ ಕೇಬಲ್:
ಅರ್ಧ ದಾರಿ ಬಂದ್ರಿ. ಈಗ ಮಾವಾರ ಕಂಪ್ಯೂಟರ್‌ನ ಫೈರ್‌ವಾಲ್, ಅಂದ್ರೆ ನೆಟ್‌ವರ್ಕ್‌ನಿಂದ ಬರೋರನ್ನ ತಡೆಯೋ ಕಾವಲು, ತಡೀತಿರಬೇಕು.

ಹಳೇ ಕನೆಕ್ಷನ್ ಇದ್ದಾಗ ಆ ನೆಟ್‌ವರ್ಕ್‌ನ ಯಾರೋ 'ಪ್ರೈವೇಟ್' ಅಂತ ಗುರುತು ಹಾಕಿರ್ತಾರೆ. ಫೈಬರ್ ಡಬ್ಬಿ ಬಂದ ಕೂಡಲೇ ವಿಂಡೋಸ್‌ಗೆ ಅದು ಗೊತ್ತಿಲ್ಲದ ಹೊಸ ನೆಟ್‌ವರ್ಕ್. ಹೌದು-ಅಲ್ಲ ಅಂತ ಕೇಳಿದ್ದಕ್ಕೆ ಉತ್ತರ ಕೊಡದಿದ್ರೆ 'ಪಬ್ಲಿಕ್' ಅಂತ ಇಟ್ಟುಕೊಳ್ಳುತ್ತೆ. ರೈಲ್ವೆ ಸ್ಟೇಷನ್ ವೈಫೈಗೆ ಏನು ನಿಯಮವೋ ನಿಮ್ಮ ಪಡಸಾಲೆಗೂ ಅದೇ: ಯಾರಿಗೂ ಕಾಣಿಸ್ಕೋಬೇಡ, ಯಾರಿಗೂ ಏನೂ ಹಂಚಬೇಡ.

ಕೆಳಗಿನ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್ ಒಳಗೆ ಪ್ರಾಪರ್ಟೀಸ್ ಒತ್ತಿ, ನೆಟ್‌ವರ್ಕ್ ಪ್ರೊಫೈಲ್ ಪ್ರೈವೇಟ್ ಮಾಡ್ರಿ. ಕಂಟ್ರೋಲ್ ಪ್ಯಾನೆಲ್‌ನ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್'ನಲ್ಲಿ ಪ್ರೈವೇಟ್ ಕೆಳಗೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್ ಇರಲಿ. ಲ್ಯಾಪ್‌ಟಾಪ್‌ನಲ್ಲೂ ಮನೆ ವೈಫೈಯನ್ನ ಪ್ರೈವೇಟ್ ಮಾಡ್ರಿ. ಕಾಲೇಜು, ಬಸ್‌ಸ್ಟ್ಯಾಂಡ್ ವೈಫೈಗೆ ಮಾತ್ರ ಹಂಗೆ ಮಾಡಬೇಡ್ರಿ.

ಕೆಲವರು ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡ್ರಿ ಅಂತಾರೆ. ಪರೀಕ್ಷೆಗೆ ಅಂತ ಆಫ್ ಮಾಡಿದ್ದು ವರ್ಷಗಟ್ಟಲೆ ಆಫ್ ಇರೋದನ್ನ ನೋಡೀನಿ.

ಕುಷ್ಟಗಿ ಟ್ಯೂಷನ್:
ಪ್ರೈವೇಟ್ ಮಾಡಿದ ಕೂಡಲೇ ಪಿಂಗ್ ಬಂತ್ರಿ! ವಿಂಡೋಸ್ ಬಟನ್ ಜೊತಿ ಆರ್ ಒತ್ತಿ \\192.168.1.5 ಹೊಡೆದ್ರ ಈಗ ಯೂಸರ್ ನೇಮ್, ಪಾಸ್‌ವರ್ಡ್ ಕೇಳಾಕತ್ತೈತಿ. ಮಾವಾರು ದಿನಾ ಹಾಕೋ ನಾಕು ಅಂಕಿ ಹಾಕಿದ್ರ ತಪ್ಪು ಅಂತೈತಿ. ಮೊದಲು ಎಂದೂ ಕೇಳ್ತಿದ್ದಿಲ್ಲ.

ಲಿಂಗಸುಗೂರು ಲಿನಕ್ಸ್:
ಅಕ್ಕಾರ, ಆ ನಾಕು ಅಂಕಿ ಪಿನ್. ಅದು ಆ ಕಂಪ್ಯೂಟರ್ ಮುಂದ ಕುಂತವರಿಗೆ ಮಾತ್ರ ನಡೀತದ, ನೆಟ್‌ವರ್ಕ್ ಮ್ಯಾಲಿಂದ ಬರೋರಿಗೆ ನಡೆಯಂಗಿಲ್ಲ. ಅಲ್ಲಿ ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು.

ಮೊದಲು ಯಾಕ ಕೇಳ್ತಿದ್ದಿಲ್ಲ ಅಂದ್ರ, ಹಿಂದ ಯಾರೋ ಒಮ್ಮೆ ಪಾಸ್‌ವರ್ಡ್ ಹಾಕಿ 'ನೆನಪಿಟ್ಟುಕೋ' ಅಂತ ಟಿಕ್ ಮಾಡಿರಬೇಕು. ಅದು ಕಂಪ್ಯೂಟರ್ ಹೆಸರಿನ ಮ್ಯಾಲೆ ಉಳಿದಿರ್ತದ. ನೀವು ಈಗ ಐಪಿ ನಂಬರ್ ಹಿಡಿದು ಹೋಗೀರಿ, ಹಿಂಗಾಗಿ ವಿಂಡೋಸ್ ಅದನ್ನ ಬ್ಯಾರೆ ಮನಿ ಅಂತ ತಿಳಿದು ಮತ್ತ ಕೇಳ್ತದ. ಕ್ಯಾನ್ಸಲ್ ಮಾಡಿ, \\ ಮುಂದ ಮಾವಾರ ಕಂಪ್ಯೂಟರ್ ಹೆಸರು ಹಾಕಿ ನೋಡ್ರಿ.

ಆಗಲಿಲ್ಲಂದ್ರ ಕೆಳಗಿನ ಕಂಪ್ಯೂಟರ್‌ನ್ಯಾಗ ಪ್ರಿಂಟ್‌ಗೆ ಅಂತನೇ ಒಂದು ಲೋಕಲ್ ಅಕೌಂಟ್ ಮಾಡ್ರಿ, ಪಾಸ್‌ವರ್ಡ್ ಇಡ್ರಿ, ನಿಮ್ಮ ಲ್ಯಾಪ್‌ಟಾಪ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನ್ಯಾಗ (ವಿಂಡೋಸ್ ಪಾಸ್‌ವರ್ಡ್ ನೆನಪಿಡೋ ಜಾಗ) ಸೇರಿಸ್ರಿ. ಮಾವಾರ ಸ್ವಂತ ಪಾಸ್‌ವರ್ಡ್ ನಿಮಗ ಬ್ಯಾಡ. 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಮಾಡೋ ಸುಲಭ ದಾರಿ ಯಾರರ ಹೇಳ್ತಾರ, ಅದಕ್ಕೂ ಹೋಗಬ್ಯಾಡ್ರಿ. ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿ ಬಂದ ಮ್ಯಾಲೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶನ ಅದೇ ತಡೀತದ.

ಕುಷ್ಟಗಿ ಟ್ಯೂಷನ್:
ಹೆಸರು ಹಾಕಿದ ಕೂಡಲೇ ತೆಗೀತು! ಪ್ರಿಂಟರ್ ಕಾಣ್ತು, ಮಸುಕು ಹೋಗಿ ಗಟ್ಟಿ ಆತು.

ಆದ್ರ ನಾ ಪ್ರಿಂಟ್ ಕೊಡೋಕಿನ ಮೊದಲೇ ಕೆಳಗಿಂದ ಮಾವಾರು ಒದರಾಕತ್ತಿದ್ರು. ಹೋಗಿ ನೋಡಿದ್ರ ಪ್ರಿಂಟರ್ ನಿಲ್ಲವಲ್ದು, ಅದೇ ಬೀಜಗಣಿತದ ಪೇಪರ್ ಮ್ಯಾಲಿಂದ ಮ್ಯಾಲೆ, ನಡುವ ಮಕ್ಕಳ ಆಧಾರ್ ಜೆರಾಕ್ಸ್ ಬ್ಯಾರೆ. ಟ್ರೇನ್ಯಾಗ ಮಾವಾರು ಹಸಿರು ಲೆಡ್ಜರ್ ಪೇಪರ್ ಇಟ್ಟಿದ್ರು. ಅವರ ಮಾರಿ ನೋಡೋಹಂಗಿದ್ದಿಲ್ಲ.

ಗಂಗಾವತಿ ಡಿಟಿಪಿ:
ಹ್ಹಹ್ಹ. ಆಫ್‌ಲೈನ್ ಇದ್ದಾಗ ಕೊಟ್ಟಿದ್ದೆಲ್ಲಾ ಸಾಲಿನ್ಯಾಗ ನಿಂತಿರ್ತಾವು ತಂಗಿ, ದಾರಿ ತೆಗೆದ ಕೂಡಲೇ ಒಮ್ಮೆಗೇ ನುಗ್ಗತಾವು. ಪ್ರಿಂಟ್ ಬರವಲ್ದು ಅಂದಾಗ ಎಲ್ಲಾರೂ ಮಾಡೋದು ಒಂದೇ ಕೆಲಸ, ಮತ್ತ ಪ್ರಿಂಟ್ ಕೊಡೋದು.

ಸಾಲು ಕ್ಯಾನ್ಸಲ್ ಕೊಟ್ರೂ 'ಡಿಲೀಟಿಂಗ್' ಅಂತ ಅಲ್ಲೇ ಜೋತುಬಿದ್ದಿರ್ತಾವು ಒಮ್ಮೊಮ್ಮೆ. ಆವಾಗ ಸರ್ವಿಸಸ್ ತೆಗೆದು ಪ್ರಿಂಟ್ ಸ್ಪೂಲರ್ (ಈ ಸಾಲು ನೋಡಿಕೊಳ್ಳೋದು) ಸ್ಟಾಪ್ ಮಾಡು. ಸಿ ಡ್ರೈವ್‌ನ್ಯಾಗ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಅಂತ ಒಳಗೊಳಗ ಹೋಗಿ ಆ ಕಡೀ ಫೋಲ್ಡರ್ ಒಳಗಿನ ಫೈಲ್ ಅಷ್ಟೂ ಅಳಿಸು. ಫೋಲ್ಡರ್ ಅಳಿಸಬ್ಯಾಡ, ಒಳಗಿನ ಫೈಲ್ ಮಾತ್ರ. ಆಮ್ಯಾಲೆ ಸ್ಪೂಲರ್ ಸ್ಟಾರ್ಟ್ ಮಾಡು. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡರಾಗೂ ನೋಡಬೇಕು, ಸಾಲು ಎರಡೂ ಕಡೆ ಇರ್ತೈತಿ.

ಮಾನ್ವಿ ಹುಡುಗ:
ನಾ ಹೇಳಿದ ರಿಜಿಸ್ಟ್ರಿ ಸುಳ್ಳಲ್ಲ ಮತ್ತ. ನಮ್ಮಲ್ಲಿ 11ಬಿ ಅಂತ ಕೊನಿ ಆಗೋ ಎರರ್ ಬರ್ತಿತ್ತು, ಸೊನ್ನೆ ಹಾಕಿದ ಮ್ಯಾಲೆ ಹೋತು.

ಕೌಲ್‌ಬಜಾರ್ ಕೇಬಲ್:
ಸುಳ್ಳು ಅಂತ ಹೇಳಲಿಲ್ಲ, ಅದು ಬೇರೆ ರೋಗದ ಔಷಧಿ. 2021 ವಿಂಡೋಸ್ ಪ್ರಿಂಟಿಂಗ್‌ಗೆ ಕೆಟ್ಟ ವರ್ಷ. ಜುಲೈನಲ್ಲಿ ಪ್ರಿಂಟ್‌ನೈಟ್‌ಮೇರ್ ಅನ್ನೋ ಸ್ಪೂಲರ್ ದೋಷ ಜಗತ್ತಿಗೆಲ್ಲಾ ಗೊತ್ತಾಯ್ತು. ಅದಕ್ಕೂ ಮೊದಲೇ, ಜನವರಿಯಲ್ಲಿ ಸಿಕ್ಕಿದ್ದ ಇನ್ನೊಂದು ದೋಷಕ್ಕೆ ಬಂದ ಬಿಗಿ ನಿಯಮ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಕಡ್ಡಾಯ ಆಯ್ತು. ಪ್ರಿಂಟರ್ ಹಂಚೋ ಕಂಪ್ಯೂಟರ್ ಜೊತೆ ಆಡೋ ಮಾತು ಗೂಢಲಿಪಿಯಲ್ಲೇ ಇರಬೇಕು ಅಂತ. ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗದಿದ್ರೆ 11ಬಿ ಬರೋ ಸಾಧ್ಯತೆ ಹೆಚ್ಚು. ನೀನು ಸೊನ್ನೆ ಮಾಡಿದ್ದು ಆ ನಿಯಮವನ್ನ. ಎರಡೂ ಕಂಪ್ಯೂಟರ್ ಪೂರ್ತಿ ಅಪ್‌ಡೇಟ್ ಮಾಡಿ, ಆ ವ್ಯಾಲ್ಯೂ ತೆಗೆದು ನೋಡು. ಅಂಗಡಿ ಅಂದ್ಮೇಲೆ ನಾಕು ಜನರ ಪೆನ್‌ಡ್ರೈವ್ ಬರುತ್ತೆ.

ಮೇಡಂಗೂ ಒಂದು ಮಾತು: ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದೈತೆ. ಮಾವಾರ ಕಂಪ್ಯೂಟರ್ ತಡೆಯೋದಾದ್ರೆ 11ಕ್ಕೆ ಏರಿಸ್ರಿ.

ಶಕ್ತಿನಗರ ಶಿಫ್ಟ್:
ನಡುವ ಬಂದೆ, ಕ್ಷಮಿಸ್ರಿ. ರಾಯಚೂರು ಕಡಿಯವ. 1720 ಮೆಗಾವಾಟ್ ತಯಾರಾಗೋ ಊರಾಗ ಕುಂತು ಕರೆಂಟ್ ಮಾತಾಡಿದ್ರ ನಗ್ತೀರಿ, ಆದ್ರೂ ಹೇಳ್ತೀನಿ. ನೀವು ಇಷ್ಟೆಲ್ಲಾ ಸರಿ ಮಾಡಿದ್ದು ಒಂದು ಸಲ ಕರೆಂಟ್ ಹೋಗಿ ಬಂದ್ರ ಮತ್ತ ಕೆಡಬಹುದು. ರೌಟರ್ ಹೊಸದಾಗಿ ಏಳ್ತದ, ನಂಬರ್ ಅದಲುಬದಲು ಆಗ್ತಾವ. ಇವತ್ತಿನ .5 ನಾಳೆ .9 ಆದ್ರ, ನಂಬರ್ ನಂಬಿಕೊಂಡು ಹಚ್ಚಿದ ಪ್ರಿಂಟರ್ ಸಿಗಂಗಿಲ್ಲ. ಕೆಳಗಿನ ಡಬ್ಬಿಯೊಳಗ ಡಿಎಚ್‌ಸಿಪಿ ರಿಸರ್ವೇಷನ್ ಅಂತ ಇರ್ತದ, ಕಂಪ್ಯೂಟರ್‌ನ ಮ್ಯಾಕ್ ಅಡ್ರೆಸ್ಸಿಗೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಒಂದು ನಂಬರ್ ಕಾಯಂ ಮಾಡಿಬಿಡ್ರಿ.

ಡಬ್ಬಿ, ರೌಟರ್ ಎರಡನ್ನೂ ಸಣ್ಣ ಯುಪಿಎಸ್ ಮ್ಯಾಲೆ ಇಡ್ರಿ, ಅವು ತಿನ್ನೋದು ಭಾಳ ಕಡಿಮಿ. ಲೇಸರ್ ಪ್ರಿಂಟರ್ ಮಾತ್ರ ಇನ್ವರ್ಟರ್‌ಗೆ, ಕಂಪ್ಯೂಟರ್ ಯುಪಿಎಸ್‌ಗೆ ಹಚ್ಚಬ್ಯಾಡ್ರಿ. ಟೋನರ್ ಪುಡಿಯನ್ನ ಹಾಳಿಗೆ ಕರಗಿಸಿ ಅಂಟಿಸೋ ಫ್ಯೂಸರ್ ಹತ್ತಿರ ಹತ್ತಿರ 200 ಡಿಗ್ರಿ ಕಾಯ್ತದ. ಅದು ಕಾಯೋ ಹೊತ್ತಿನ್ಯಾಗ ನೂರಾರು ವಾಟ್ ಒಮ್ಮೆಗೇ ಎಳೀತದ, ಯುಪಿಎಸ್ ಕುಂಯ್ ಅಂತ ಕೂಗಿ ಕಂಪ್ಯೂಟರ್ ಸಮೇತ ಮಲಗ್ತದ.

ಕುಷ್ಟಗಿ ಟ್ಯೂಷನ್:
ಪ್ರಿಂಟರ್ ಯುಪಿಎಸ್ ಮ್ಯಾಲೇ ಇತ್ತು ಅಣ್ಣಾರ! ತೆಗೆದು ಗ್ವಾಡಿ ಸಾಕೆಟ್‌ಗೆ ಹಾಕಿಸ್ದೆ.

ಇನ್ನೊಂದು: ಮಾವಾರು ಒಂಬತ್ತಕ್ಕ ಕಂಪ್ಯೂಟರ್ ಬಂದ್ ಮಾಡಿ ಮಲಗ್ತಾರ. ನಾ ಪೇಪರ್ ತಯಾರ ಮಾಡೋದು ಅದರ ನಂತರ. ಅವರ ಕಂಪ್ಯೂಟರ್ ಇಲ್ಲದಂಗ ಪ್ರಿಂಟ್ ತಗೊಳಾಕ ಬರ್ತೈತೇನು?

ಕೌಲ್‌ಬಜಾರ್ ಕೇಬಲ್:
ಯುಎಸ್‌ಬಿ ಮೇಲೆ ಇರೋತನಕ ಆಗಲ್ಲ. ಡೆಸ್ಕ್‌ಟಾಪ್ ಮಲಗಿದ್ರೆ, ಅಂದ್ರೆ ಸ್ಲೀಪ್‌ಗೆ ಹೋದ್ರೂ, ಪ್ರಿಂಟರ್ ಹೋದಂಗೇ. ನಿಮ್ಮ ಪ್ರಿಂಟರ್‌ನ ಬೆನ್ನ ಹಿಂದೆ ಯುಎಸ್‌ಬಿ ಪಕ್ಕ ಇನ್ನೊಂದು ತೂತು ಐತಾ ನೋಡ್ರಿ, ಲ್ಯಾನ್ ಕೇಬಲ್ ಹಿಡಿಸೋ ಅಳತೇದು. ಕೆಲವು ಮಾಡೆಲ್‌ಗಳಲ್ಲಿ ಅದನ್ನ ಸ್ಟಿಕರ್ ಇಲ್ಲ ರಬ್ಬರ್ ಮುಚ್ಚಳದಿಂದ ಮುಚ್ಚಿರ್ತಾರೆ. ಇದ್ರೆ ನೇರ ಫೈಬರ್ ಡಬ್ಬಿಗೆ ಕೇಬಲ್ ಹಾಕಿ, ಪ್ರಿಂಟರ್‌ಗೂ ಒಂದು ನಂಬರ್ ರಿಸರ್ವ್ ಮಾಡ್ರಿ. ಆಮೇಲೆ ಈ ಶೇರಿಂಗ್, ಪಾಸ್‌ವರ್ಡ್, ಪಬ್ಲಿಕ್-ಪ್ರೈವೇಟ್ ಗೋಳು ಪ್ರಿಂಟರ್ ಮಟ್ಟಿಗೆ ಮುಗೀತು. ಮನೆಗೆ ಅದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಸೇರಿಸುವಾಗ ವಿಂಡೋಸ್ ತಾನೇ ಹುಡುಕಿ ಕೊಟ್ಟಿದ್ದನ್ನ ತಗೊಂಡ್ರೆ ಬಹಳ ಸಲ ಡಬ್ಲ್ಯುಎಸ್‌ಡಿ (ಸಾಧನಗಳನ್ನ ತಾನೇ ಹುಡುಕೋ ವ್ಯವಸ್ಥೆ) ಪೋರ್ಟ್ ಹಾಕುತ್ತೆ. ಅದು ಆಗಾಗ ಕಾಣದಂಗಾಗೋ ಗಿರಾಕಿ. 'ಮ್ಯಾನುವಲ್' ಆರಿಸಿ ಟಿಸಿಪಿ/ಐಪಿ ಅಂತ ಹೇಳಿ ನಂಬರ್ ಕೊಡ್ರಿ, ಅದು 9100 ಪೋರ್ಟ್ ಮೇಲೆ ನೇರ ಮಾತಾಡುತ್ತೆ. ಪ್ರಿಂಟ್ ಬರ್ತಿದ್ರೂ ಆಫ್‌ಲೈನ್ ಅಂತ ತೋರಿಸಿದ್ರೆ ಆ ಪೋರ್ಟ್‌ನ ಕಾನ್ಫಿಗರ್ ಒಳಗೆ 'ಎಸ್‌ಎನ್‌ಎಂಪಿ ಸ್ಟೇಟಸ್' (ಪ್ರಿಂಟರ್‌ನ ಸ್ಥಿತಿ ವಿಚಾರಿಸೋದು) ಟಿಕ್ ತೆಗೀರಿ.

ಲಿಂಗಸುಗೂರು ಲಿನಕ್ಸ್:
ತೂತು ಇಲ್ಲಂದ್ರ ಹಳೇ ಲ್ಯಾಪ್‌ಟಾಪ್ ಒಂದಕ್ಕ ಲಿನಕ್ಸ್ ಹಾಕಿ ಕಪ್ಸ್ (ಪ್ರಿಂಟರ್ ಹಂಚೋ ಸಾಫ್ಟ್‌ವೇರ್) ನಡೆಸ್ರಿ. ನಮ್ಮ ಶಾಲಿ ಲ್ಯಾಬ್‌ನ್ಯಾಗ ಹಂಗೇ ಅದ. ಫೋನಿಂದನೂ ಪ್ರಿಂಟ್ ಬೀಳ್ತದ.

ಗಂಗಾವತಿ ಡಿಟಿಪಿ:
ಸರ್, ಆ ತಂಗಿಗೆ ಸೋಮವಾರ ಟೆಸ್ಟ್ ಐತಿ.

ಕುಷ್ಟಗಿ ಟ್ಯೂಷನ್:
ರಬ್ಬರ್ ಮುಚ್ಚಳ ಐತಿ, ಒಳಗ ತೂತೂ ಐತಿ! ಮೈದುನ ಬಜಾರದಿಂದ ಕೇಬಲ್ ತರತೀನಿ ಅಂದಾನ. ಅಲ್ಲೀತನಕ ಸ್ಲೀಪ್ 'ನೆವರ್' ಮಾಡಿ, ಮಾವಾರಿಗೆ ಮಾನಿಟರ್ ಅಷ್ಟ ಬಂದ್ ಮಾಡಾಕ ಹೇಳೀನಿ. ಟೆಸ್ಟ್ ಪೇಪರ್ ಎಲ್ಲಾ ಪ್ರಿಂಟ್ ಆದ್ವು.

ಸಿಂಧನೂರು ಸೋನಾಮಸೂರಿ:
ಇದೇ ಜಾಗದಾಗ ಕೇಳ್ತೀನಿ. ನಂದು ವೈಫೈ ಪ್ರಿಂಟರ್. ರೌಟರ್ ಬದಲಿ ಮಾಡಿದ ಮ್ಯಾಲೆ ಪ್ರಿಂಟರ್‌ನ್ಯಾಗ ಹೊಸ ವೈಫೈ ಹೆಸರೇ ಬರವಲ್ದು. ಫೋನ್‌ನ್ಯಾಗ ಬರ್ತದ.

ಕೌಲ್‌ಬಜಾರ್ ಕೇಬಲ್:
ಮನೆ ಪ್ರಿಂಟರ್‌ಗಳು ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸ್ಕೊಳ್ತವೆ. ಹೊಸ ರೌಟರ್‌ನಲ್ಲಿ 2.4 ಆಫ್ ಐತಾ, ಇಲ್ಲ ಆ ಹೆಸರಿಗೆ 5 ಗಿಗಾಹರ್ಟ್ಸ್ ಮಾತ್ರ ಐತಾ ನೋಡ್ರಿ. 2.4ಕ್ಕೆ ಬೇರೆ ಹೆಸರು ಕೊಟ್ಟು ಪ್ರಿಂಟರ್ ಅದಕ್ಕೆ ಜೋಡಿಸ್ರಿ. ಫೋನ್ 5ರ ಮೇಲೆ ಇದ್ರೂ ನಡೆಯುತ್ತೆ, ಎರಡೂ ಒಂದೇ ರೌಟರ್‌ನ ಒಂದೇ ನೆಟ್‌ವರ್ಕ್. ಗೆಸ್ಟ್ ವೈಫೈಗೆ ಮಾತ್ರ ಜೋಡಿಸಬೇಡ್ರಿ, ಅಲ್ಲಿರೋ ಸಾಧನಗಳು ಮನೆಯ ಬೇರೆ ಸಾಧನಗಳಿಗೆ ಕಾಣದಂಗೆ ಇಡೋದೇ ಅದರ ಕೆಲಸ.

ಸಿಂಧನೂರು ಸೋನಾಮಸೂರಿ:
2.4 ಆಫ್ ಇತ್ತು ನೋಡ್ರಿ. ಆನ್ ಮಾಡ್ದೆ, ಹೆಸರು ಬಂತು, ಪ್ರಿಂಟೂ ಬಂತು.